ಬೆಸಜೋಡಿ

"ಅಕ್ಕನ ಶೂ ಇವತ್ತಾದ್ರೂ ಮರೀಬೇಡಿ," ಎಂದು ಹೆಂಡತಿ ಬಾಗಿಲ ತನಕ ಬಂದು ಹೇಳಿದಾಗ ಅವನಿಗೆ ಸುಮ್ಮಸುಮ್ಮನೆ ಸಿಟ್ಟು ಬಂತು. ಮರೆಯುವ ಮಾತೆಲ್ಲಿ ಬಂತು? ಎದ್ದಾಗಿನಿಂದ ತಲೆಯಲ್ಲಿ ಅದೊಂದೇ ಕೊರೆಯುತ್ತಿದೆ. ಹಲ್ಲುಜ್ಜುವಾಗ ಅದೇ, ಅಂಗಿಯ ಗುಂಡಿ ಹಾಕುವಾಗಲೂ ಅದೇ. ಗುಂಡಿಯನ್ನು ಒಂದು ತೂತು ತಪ್ಪಿಸಿ ಹಾಕಿಕೊಂಡು, ಬಿಚ್ಚಿ, ಮತ್ತೆ ಹಾಕಿಕೊಂಡಿದ್ದ. "ಹೂಂ" ಎಂದ. "ಹೋದ ವಾರಾನೂ ಹೂಂ ಅಂದ್ರಿ. ಅಟ್ಟೆ ಸೀಳಿ ಬಾಯಿ ಬಿಟ್ಟಿದೆಯಂತೆ. ಪಾಪ, ಬೆಳಗಿಂದ ಸಂಜೆ ತನಕ ಕೌಂಟರಲ್ಲಿ ನಿಂತೇ ಇರ್ತಾರೆ." "ತರ್ತೀನಿ ಅಂದ್ನಲ್ಲ ಮಾರಾಯ್ತಿ!" ಎಂದು ಗದರಿದ. ಗದರಿದ್ದಕ್ಕೆ ನಾಚಿಕೆಯಾಗಿ ಅವಳ ಮುಖ ನೋಡದೆ ಮೆಟ್ಟಿಲಿಳಿದ. ಅವಳಿಗೆ ಗೊತ್ತಿಲ್ಲದ್ದು ಇಷ್ಟೇ. ಈ ಹೊತ್ತಿನ ಮೀಟಿಂಗಿನಲ್ಲಿ ಅಕ್ಕ ಹಾಕಿಕೊಳ್ಳುವ ಥರದ ಶೂ ಇನ್ನು ಮುಂದೆ ಇರಬೇಕೋ ಬೇಡವೋ ಎಂದು ತೀರ್ಮಾನವಾಗುವುದಿತ್ತು. ಇರಲಿ ಎನ್ನಬೇಕಾದವನು, ಅಥವಾ ಬೇಡ ಎನ್ನಬೇಕಾದವನು, ಅವನೇ.

ಅವನ ಅಕ್ಕನ ಬಲಗಾಲಿನ ಅಳತೆ ಆರು, ಎಡಗಾಲಿನದು ನಾಲ್ಕು. ಕೂಸಾಗಿದ್ದಾಗ ಬಂದ ಜ್ವರವೊಂದು ಎಡಗಾಲನ್ನು ಹಿಂದೆ ಬಿಟ್ಟು ಹೋಗಿತ್ತು. ಅಪ್ಪ ಬಲಗಾಲಿನ ಅಳತೆಯ ಜೋಡಿಯನ್ನೇ ಕೊಂಡು ಎಡಗಡೆಯದಕ್ಕೆ ಹತ್ತಿ ತುರುಕಿ ಕೊಡುತ್ತಿದ್ದ. ಅಂಗಡಿಯವನು ಇನ್ನೊಂದು ಗಿರಾಕಿಯ ಕಡೆ ಕತ್ತು ಹೊರಳಿಸಿಕೊಂಡೇ "ಹೇಗಿದೆಯಮ್ಮ?" ಎನ್ನುತ್ತಿದ್ದ. ಅಕ್ಕ ಅತ್ತ ನಾಲ್ಕು ಹೆಜ್ಜೆ ಇತ್ತ ನಾಲ್ಕು ಹೆಜ್ಜೆ ಹಾಕಿ "ಸರಿ ಇದೆ" ಎನ್ನುತ್ತಿದ್ದಳು. ಸರಿ ಎಲ್ಲಿತ್ತು, ಮಣ್ಣು! ನಡೆಯುತ್ತಾ ನಡೆಯುತ್ತಾ ಹತ್ತಿ ಹಿಮ್ಮಡಿಯಿಂದ ಹೊರಗೆ ಇಣುಕುತ್ತಿತ್ತು. ಅದು ಕಾಣಿಸಿದೊಡನೆ ಅವನು ಚಪ್ಪಲಿಯ ಕಲ್ಲು ಕೊಡವುವ ನೆಪದಲ್ಲಿ ಹಿಂದೆ ಉಳಿಯುತ್ತಿದ್ದ, ಇಲ್ಲವೇ ಬಿರಬಿರನೆ ಮುಂದೆ ಹೋಗಿಬಿಡುತ್ತಿದ್ದ. ಮುಂದೆ ಈ ಶೂ ಕಂಪನಿಗೆ ಸೇರಿದ ಮೇಲೆ ಇಲ್ಲಿ ಬೆಸಜೋಡಿ ಎಂಬುದೊಂದು ಇದೆ ಎಂದು ಗೊತ್ತಾಯಿತು. ಎರಡು ಕಾಲು ಎರಡು ಅಳತೆಯಾಗಿದ್ದವರಿಗೆಂದು ಎರಡು ಜೋಡಿ ಒಡೆದು, ಅದರಿಂದೊಂದು ಇದರಿಂದೊಂದು ಕೂಡಿಸಿ ಗೋದಾಮಿನಲ್ಲಿಟ್ಟು, ಕೇಳಿದವರಿಗೆ ಒಂದೇ ಜೋಡಿಯ ದರಕ್ಕೆ ಕೊಡುವುದು. ಹಳೆಯ ಮಾಲೀಕ ಇದನ್ನು ಶುರುಮಾಡಿದ್ದು ಧರ್ಮಕ್ಕೇನಲ್ಲ. ಎದುರು ಕಂಪನಿಯವರ ಅಂಗಡಿಯಲ್ಲಿ ಯಾರೋ ಕುಂಟುವ ಗಿರಾಕಿಯನ್ನು ವಾಪಸ್ಸು ಕಳಿಸಿದರಂತೆ, ಅವರ ಹೊಟ್ಟೆ ಉರಿಸಲಿಕ್ಕೆ. ಮೊದಲ ಬೆಸಜೋಡಿಯನ್ನು ಅವನು ಮನೆಗೆ ತಂದ ದಿನ ಅಕ್ಕ ನಕ್ಕಿದ್ದಳು. "ನೋಡೋ, ನಾಲ್ಕೂ ಸರಿಸಂಖ್ಯೆ, ಆರೂ ಸರಿಸಂಖ್ಯೆ. ಎರಡು ಸರಿ ಸೇರಿ ಬೆಸ ಆಗಿದ್ದು ಇಡೀ ಪ್ರಪಂಚದಲ್ಲಿ ನನ್ನ ಕಾಲಲ್ಲೇ!" ಅವತ್ತು ಅವಳು ಅಂಗಳ, ಹಿತ್ತಲು, ಬೀದಿಯ ತುದಿ ಎಲ್ಲಾ ಸುತ್ತಿ ಬಂದಳು. ಅವನು ಪಕ್ಕದಲ್ಲೇ ನಡೆದ.

ಈಗ ಆ ಎದುರು ಕಂಪನಿಯೂ ಇವರ ಕಂಪನಿಯೂ ಒಂದಾಗಿವೆ. ಎರಡು ಸೇರಿದರೆ ಅಂಗಡಿಯಲ್ಲಿ ಬಗೆಬಗೆಯ ಮಾಲು ಎರಡರಷ್ಟಾಗುತ್ತದೆ ಎಂದು ಹೊರಗಿನವರು ತಿಳಿದಿದ್ದರು, ಪಾಪ. ಒಬ್ಬರನ್ನೊಬ್ಬರು ಮೀರಿಸುವ ಹಟದಲ್ಲಿ ಹುಟ್ಟಿದ ಮಾಲು, ಹಟವೇ ಇಲ್ಲದ ಮೇಲೆ ಯಾರಿಗೆ ಬೇಕು? ಮದುವೆಯ ಉಡುಗೊರೆಯಲ್ಲಿ ಒಂದೇ ಥರದ ಗೋಡೆ ಗಡಿಯಾರ ನಾಲ್ಕು ಬಂದ ಹಾಗೆ, ಎರಡೂ ಕಡೆ ಕಂದು ಬಣ್ಣದ ಲೇಸಿನ ಶೂ, ಎರಡೂ ಕಡೆ ಶಾಲೆಯ ಕರಿ ಶೂ, ಎರಡೂ ಕಡೆ ಬಚ್ಚಲಿನ ಚಪ್ಪಲಿ. ಇಂಥ ಎರಡಕ್ಕೆ ಹೊಸ ಆಫೀಸಿನ ಭಾಷೆಯಲ್ಲಿ ಜೋಡಿ ಎಂದು ಹೆಸರು. ಜೋಡಿಯಲ್ಲಿ ಒಂದು ಹೋಗಬೇಕು. ಕಾಲಿಗೆ ಹಾಕುವ ಜೋಡಿಯಲ್ಲಿ ಒಂದು ಹೋದರೆ ಇನ್ನೊಂದು ಕೆಲಸಕ್ಕೆ ಬಾರದು, ಇಲ್ಲಿ ಒಂದು ಹೋದರೇ ಇನ್ನೊಂದಕ್ಕೆ ಬಾಳು. ಮಾಲಿನ ಮಾತು ಹಾಗಿರಲಿ, ಯಾವ ಮಾಲು ಇರಬೇಕು ಯಾವುದು ಹೋಗಬೇಕು ಎಂದು ನೋಡುವ ಮ್ಯಾನೇಜರುಗಳೂ ಒಂದು ಜೋಡಿಯೇ. ಈ ಕಡೆಯಿಂದ ಅವನು. ಆ ಕಡೆಯಿಂದ ಒಬ್ಬ ಎತ್ತರದ ಮನುಷ್ಯ, ಅವನಿಗೆ ಬೆನ್ನ ಹಿಂದೆ ಎಲ್ಲರೂ ಏಣಿ ಎನ್ನುತ್ತಿದ್ದರು. ಕುರ್ಚಿ ಒಂದೇ. ಇದು ಇಬ್ಬರಿಗೂ ಗೊತ್ತಿತ್ತು. ಆದ್ದರಿಂದಲೇ ಇಬ್ಬರೂ ಒಬ್ಬರಿಗೊಬ್ಬರು ಅತಿ ಮರ್ಯಾದೆಯಿಂದ ನಡೆದುಕೊಳ್ಳುತ್ತಿದ್ದರು. ತಾನು ಹಳೇ ಕಂಪನಿಯ ಪಕ್ಷಪಾತಿ ಅಲ್ಲ ಎಂದು ತೋರಿಸಿಕೊಳ್ಳಲು ಅವನು "ನಮ್ಮದು ತೆಗೀರಿ, ನಿಮ್ಮದೇ ಚೆನ್ನಾಗಿದೆ" ಎನ್ನುವುದು. ಏಣಿ "ಛೇ ಛೇ, ಎಲ್ಲಾದ್ರೂ ಉಂಟೇ, ನಮ್ಮದೇ ಹೋಗ್ಲಿ" ಎನ್ನುವುದು. ಬಸ್ಸಿನ ಬಾಗಿಲಲ್ಲಿ ಇಬ್ಬರು "ನೀವು ಮೊದಲು, ನೀವು ಮೊದಲು" ಅಂತ ನಿಂತು ಬಸ್ಸೇ ಹೊರಟುಹೋದ ಹಾಗೆ ಒಮ್ಮೆ ಆಯಿತು ಕೂಡ. ಹೆಂಗಸರ ಚಪ್ಪಟೆ ಚಪ್ಪಲಿಯ ಜೋಡಿಯಲ್ಲಿ ಇವನು ಇವನದನ್ನು ಬಿಟ್ಟುಕೊಟ್ಟ, ಅವನು ಅವನದನ್ನು ಬಿಟ್ಟುಕೊಟ್ಟ, ಎರಡೂ ನಿಂತುಹೋದವು. ಅಂಗಡಿಯವರು ಬಾಯಿ ಮಾಡಿದ ಮೇಲೆಯೇ ಅದು ಗೊತ್ತಾದದ್ದು. ಇಬ್ಬರ ಮೇಲಿನ ಡೈರೆಕ್ಟರ್ ಮೇಡಂ ಆಗ ಬೈಯಲಿಲ್ಲ, ನಕ್ಕರು. ಆ ನಗೆ ಬೈಗುಳಕ್ಕಿಂತ ಕೆಟ್ಟದಾಗಿತ್ತು.

ಮೀಟಿಂಗಿನ ಕೋಣೆಯಲ್ಲಿ ಏಸಿ ಜಾಸ್ತಿಯಾಗಿ ಎಲ್ಲರೂ ತೋಳು ಕಟ್ಟಿಕೊಂಡು ಕೂತಿದ್ದರು. ಪರದೆಯ ಮೇಲೆ ಒಂದೊಂದೇ ಶೂ ಬಂದು ಹೋಗುತ್ತಿತ್ತು. ಬೆಳಕು ಸರಿಯಾಗಿ ಬಿದ್ದ ಫೋಟೋಗಳಲ್ಲಿ ಸಾಯುವ ಶೂಗಳೂ ಹೊಸದರಂತೆ ಹೊಳೆಯುತ್ತಿದ್ದವು. ಇರಲಿ, ಹೋಗಲಿ, ಇರಲಿ. ಅವನ ಬಾಯಿ ತಾನಾಗಿ ಮಾತಾಡುತ್ತಿತ್ತು. ಮನಸ್ಸು ಮುಂದಿನದನ್ನು ಕಾಯುತ್ತಿತ್ತು. ಏನು ಹೇಳುವುದು? ಇದು ಇರಬೇಕು ಅಂದರೆ ಸಾಕು, ಯಾಕೆ ಅಂತ ಕೇಳಿದರೆ ನಾಲ್ಕು ಮಾತು ಹೇಳಿದರಾಯಿತು. ಬೆಳಿಗ್ಗೆ ಸ್ನಾನದ ಮನೆಯಲ್ಲಿ ಆ ನಾಲ್ಕು ಮಾತನ್ನು ಎಷ್ಟು ಚೆನ್ನಾಗಿ ಜೋಡಿಸಿದ್ದ! ಪರದೆಯ ಮೇಲೆ ಬೆಸಜೋಡಿ ಬಂತು. ಫೋಟೋ ತೆಗೆದವನಿಗೆ ತಲೆಬುಡ ಗೊತ್ತಾಗದೆ ಒಂದು ದೊಡ್ಡದು ಒಂದು ಸಣ್ಣದು ಪಕ್ಕಪಕ್ಕ ಇಟ್ಟು ತೆಗೆದಿದ್ದ. ಕೋಣೆಯಲ್ಲಿ ಯಾರೋ ಕಿಸಕ್ಕೆಂದರು. "ಇದೇನಿದು, ಗೋದಾಮಲ್ಲಿ ಕಲೆಸಿಹೋದ ಮಾಲಾ?" ಎಂದರು ಮೇಡಂ. ಅವನು ಬಾಯಿ ತೆರೆಯುವುದರೊಳಗೆ ಏಣಿ ಮುಂದಕ್ಕೆ ಬಾಗಿದ. "ಅಲ್ಲ ಮೇಡಂ. ಕಾಲು ಒಂದೇ ಅಳತೆ ಇಲ್ಲದೋರಿಗೆ ಇವರು ಮಾಡಿಕೊಡ್ತಾ ಇದ್ದದ್ದು. ನಮ್ಮ ಕಡೆ ಇಂಥದ್ದು ಯಾವತ್ತೂ ಇರ್ಲಿಲ್ಲ, ನಾಚಿಕೆಗೇಡು. ಇದು ಇರ್ಲೇಬೇಕು."

ತಾನು ಹೇಳಬೇಕಾದ ಮಾತು ಏಣಿಯ ಬಾಯಲ್ಲಿ! ಇಷ್ಟು ತಿಂಗಳಲ್ಲಿ ಏಣಿ ಹೊಗಳಿದ್ದನ್ನೆಲ್ಲ ಅವನು ತಿರುಗಿಸಿ ಓದಿಕೊಳ್ಳುವುದನ್ನು ಕಲಿತಿದ್ದ. "ಇರಲೇಬೇಕು" ಅಂದರೆ, ನೋಡಿ ಮೇಡಂ, ಈ ಮನುಷ್ಯ ಈಗ ಹೇಗೆ ಹಳೇ ಕಂಪನಿಯ ಸೆರಗು ಹಿಡಿದು ನೇತಾಡುತ್ತಾನೆ ಎಂದು ಅರ್ಥ. ಬಲೆ ಇದು. ಬಲೆಯಲ್ಲದೆ ಮತ್ತೇನು? ಇವನಿಗೆ ಯಾಕೆ ಬೇಕು ಕುಂಟರ ಉಸಾಬರಿ? ಅಥವಾ ಗೊತ್ತಾಗಿದೆಯೋ ಅಕ್ಕನ ವಿಷಯ? ಯಾರಾದರೂ ಹೇಳಿರಬಹುದು, ಆಫೀಸೆಂದರೆ ಬಾಯಿಗಳ ಸಂತೆ. ಮೇಡಂ ಅವನ ಕಡೆ ತಿರುಗಿದ್ದರು. "ಯಾರ್ ಕೊಳ್ತಾರೆ ಇದನ್ನ? ನಿಮಗೆ ಗೊತ್ತಿರೋರು ಯಾರಾದ್ರೂ ಇದಾರಾ?" ಕೊಂಕಿನಿಂದ ಕೇಳಿದ್ದಲ್ಲ. ನಿಜವಾಗಿಯೂ ತಿಳಿಯಬೇಕೆಂದು ಕೇಳಿದ್ದು, ಮುಖದಲ್ಲಿ ಆಸೆಯೇ ಇತ್ತು ಎಂದು ಅವನಿಗೆ ಆಮೇಲೆ ಅನ್ನಿಸಿತು. ಆ ಗಳಿಗೆಯಲ್ಲಿ ಕಂಡದ್ದು ಬೇರೆ. ಗಾಜಿನ ಮೇಜಿನ ಮೇಲೆ, ನೀರಿನ ಬಾಟಲಿಗಳ ನಡುವೆ, ಅಕ್ಕನ ಎಡಗಾಲು. ಹಿಮ್ಮಡಿಯ ಹತ್ತಿರ ಹತ್ತಿ. ಎಲ್ಲರೂ ನೋಡುತ್ತಿದ್ದಾರೆ, ಕಿಸಕ್ಕೆಂದವನೂ ನೋಡುತ್ತಿದ್ದಾನೆ. ಮನೆಯವರಿಗೋಸ್ಕರ ಕಂಪನಿಯಲ್ಲಿ ಮಾಲು ಇಟ್ಟುಕೊಂಡಿದ್ದ ಅಂತ ನಾಳೆ ಕ್ಯಾಂಟೀನಿನಲ್ಲಿ ಆಡಿಕೊಳ್ಳುತ್ತಾರೆ. "ಇಲ್ಲ ಮೇಡಂ," ಎಂದ. "ನನಗೆ ಗೊತ್ತಿರೋರು ಯಾರೂ ಇಲ್ಲ." ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸದೆ, ನಗುತ್ತಾ, "ಹಳೇ ಮಾಲೀಕರ ಹುಚ್ಚು ಅದು. ತೆಗೀಬಹುದು" ಎಂದೂ ಸೇರಿಸಿದ. "ಸರಿ, ಹಾಗಿದ್ರೆ," ಎಂದರು ಮೇಡಂ. ಪರದೆಯ ಮೇಲೆ ಮಕ್ಕಳ ಸ್ಯಾಂಡಲ್ಲು ಬಂತು, ಅದಕ್ಕೆ ಚಿಟ್ಟೆ ಇತ್ತು, ಆ ಚಿಟ್ಟೆಯ ಬಗ್ಗೆ ಬಹಳ ಹೊತ್ತು ಚರ್ಚೆಯಾಯಿತು.

ಊಟದ ಹೊತ್ತಿಗೆ ಏಣಿ ತಟ್ಟೆ ಹಿಡಿದು ಬಂದು ಎದುರಿಗೆ ಕೂತ. "ಯಾಕ್ರೀ ಹಾಗೆ ಮಾಡಿದ್ರಿ?" "ಏನು?" "ಬೆಸಜೋಡಿ. ನಾನು ನಿಜವಾಗ್ಲೂ ಹೇಳಿದ್ದೆ ಕಣ್ರೀ." ಅವನು ಚಮಚ ಕೆಳಗಿಟ್ಟ. "ನಿಜವಾಗ್ಲೂ ಅಂದ್ರೆ?" "ನಿಜವಾಗ್ಲೂ ಅಂದ್ರೆ ನಿಜವಾಗ್ಲೂ! ಮಿಕ್ಕಿದ್ದೆಲ್ಲ ನಾಟಕ, ನಿಮಗೂ ಗೊತ್ತು, ನನಗೂ ಗೊತ್ತು. ನೀವೊಂದು ಮಾತು ಹೂಂ ಅಂದಿದ್ರೆ ಆ ಯಮ್ಮ ಒಪ್ಪಿಬಿಡ್ತಿದ್ರು. ಒಬ್ಬರಾದ್ರೂ ಗೊತ್ತು ಅಂದಿದ್ರೆ ಸಾಕಿತ್ತು." ಏಣಿ ಬೇಜಾರಿನಿಂದ ತಲೆ ಅಲ್ಲಾಡಿಸಿ ಊಟಕ್ಕೆ ತೊಡಗಿದ. ಅವನು ಎದುರಿಗೆ ಕೂತವನ ಉದ್ದ ಮುಖವನ್ನು ಮೊದಲ ಸಲ ಎಂಬಂತೆ ನೋಡಿದ. ಅದರಲ್ಲಿ ಬಲೆಯೂ ಇರಲಿಲ್ಲ, ಮಣ್ಣೂ ಇರಲಿಲ್ಲ. ಹಸಿವಿತ್ತು, ಒಂದಿಷ್ಟು ಸುಸ್ತಿತ್ತು. ಈಗಲೂ ಎದ್ದು ಮೇಲೆ ಹೋಗಿ, ಮೇಡಂ, ತಪ್ಪಾಯಿತು, ನನ್ನ ಅಕ್ಕ ಇದ್ದಾಳೆ ಅನ್ನಬಹುದು. ಎದ್ದು ಕೈ ತೊಳೆದ. ಕೈ ಒರೆಸಿಕೊಳ್ಳುತ್ತಿರುವಾಗಲೇ ಮೇಡಂ ಕರೆಯುತ್ತಾರೆ ಎಂದು ಫೋನು ಬಂತು. ಅವನಿಗೆ ಹಾಯೆನಿಸಿತು, ತಾನಾಗಿ ಹೋಗುವುದು ತಪ್ಪಿತಲ್ಲ. ಕೋಣೆಯಲ್ಲಿ ಅವರು ಕೂರಲು ಹೇಳಿ, ನೇರವಾಗಿ, ಕುರ್ಚಿ ನಿಮ್ಮದು ಎಂದರು. ಏಣಿಯನ್ನು ಬೇರೆ ಕಡೆಗೆ ಕಳಿಸುವುದಾಗಿಯೂ ಹೇಳಿದರು. "ಇವತ್ತು ಬೆಳಿಗ್ಗೆ ತನಕ ನನಗೂ ಅನುಮಾನ ಇತ್ತು. ಆದ್ರೆ ನೀವು ನಿಮ್ಮ ಸ್ವಂತದ್ದನ್ನೂ ಮುಖ ನೋಡದೆ ತೆಗೀತೀರಿ. ಅಂಥೋರು ಬೇಕು ನಮಗೆ." ಸ್ವಂತದ್ದು ಎನ್ನುವ ಮಾತಿಗೆ ಅವನು ಬೆಚ್ಚಿದ. ಅವರು ಹೇಳಿದ್ದು ಹಳೇ ಕಂಪನಿಯ ಮಾತು ಎಂದು ಹೊಳೆಯಲು ಒಂದು ಗಳಿಗೆ ಹಿಡಿಯಿತು. ಅಕ್ಕನ ಮಾತು ನಾಲಿಗೆಯ ತುದಿಯಲ್ಲೇ ಇತ್ತು, ಆದರೆ ಅದನ್ನು ಈಗ ಆಡಿದರೆ ಕುರ್ಚಿಯ ಕಾಲು ಮುರಿದ ಹಾಗೆಯೇ. "ಥ್ಯಾಂಕ್ಸ್ ಮೇಡಂ" ಎಂದ. ಖುಷಿಯಾಗಿತ್ತು, ಸುಳ್ಳೇಕೆ? ಕಾರಿಡಾರಿಗೆ ಬಂದವನು ಏಣಿಯ ಕಣ್ಣಿಗೆ ಬೀಳದ ಹಾಗೆ ಹಿಂದಿನ ಮೆಟ್ಟಿಲಿಳಿದ, ಅದೂ ಸುಳ್ಳಲ್ಲ.

ಸಂಜೆಯ ಮುಂಚೆ ಗೋದಾಮಿಗೆ ಹೋದ. ಇರುವಷ್ಟು ಬೆಸಜೋಡಿಗಳಲ್ಲಿ ಅಕ್ಕನ ಅಳತೆಯವನ್ನೆಲ್ಲ ಎತ್ತಿಟ್ಟುಬಿಡುವುದು ಅವನ ಲೆಕ್ಕಾಚಾರವಾಗಿತ್ತು. ಕೆಲವು ವರ್ಷಕ್ಕೆ ತೊಂದರೆಯಿಲ್ಲ, ಆಮೇಲಿನದು ಆಮೇಲೆ. ಗೋದಾಮಿನವನು ಬೆವರೊರೆಸಿಕೊಳ್ಳುತ್ತಾ ಹೆಮ್ಮೆಯಿಂದ ನಗುತ್ತಾ ಬಂದ. "ಕಂಪ್ಯೂಟರಲ್ಲಿ ಬೆಸಜೋಡಿಯ ಕೋಡ್ ಮಧ್ಯಾಹ್ನವೇ ಮುಚ್ಚಿದ್ರಲ್ಲ ಸಾರ್, ಕೂತು ಎಲ್ಲಾ ಸರಿ ಮಾಡ್ಬಿಟ್ವಿ!" ಅವನು ಕಪಾಟುಗಳ ಕಡೆ ನೋಡಿದ. ನಾಲ್ಕಕ್ಕೆ ನಾಲ್ಕು, ಆರಕ್ಕೆ ಆರು, ಐದಕ್ಕೆ ಐದು. ಬೇರೆಬೇರೆಯಾಗಿದ್ದವನ್ನು ಹುಡುಕಿ ಹುಡುಕಿ ತಂತಮ್ಮ ಸಮಾನರ ಜೊತೆ ಕೂಡಿಸಿ ಪೆಟ್ಟಿಗೆಗೆ ಹಾಕಿದ್ದರು. ಒಂದೇ ಒಂದು ಬೆಸ ಉಳಿದಿರಲಿಲ್ಲ. ಯಾವ ಕೆಲಸವನ್ನೂ ಇವರು ಹೇಳಿದ ದಿನವೇ ಮಾಡಿದ್ದು ಅವನ ನೆನಪಿನಲ್ಲಿ ಇಲ್ಲ, ಇವತ್ತೇ ಮಾಡಬೇಕೇ! "ಒಳ್ಳೇ ಕೆಲಸ ಆಯ್ತು," ಎಂದ. ಅಕ್ಕನ ಥರದ್ದರಲ್ಲೇ ನಾಲ್ಕರದ್ದೊಂದು ಜೋಡಿ, ಆರರದ್ದೊಂದು ಜೋಡಿ ತೆಗೆಸಿ, ಎಲ್ಲರೂ ಕೊಳ್ಳುವ ಹಾಗೆ ಕೊಂಡು, ಕಾರಿಗೆ ಬಂದು ಬಾಗಿಲು ಹಾಕಿಕೊಂಡ. ನಾಲ್ಕರ ಪೆಟ್ಟಿಗೆಯಿಂದ ಎಡಗಾಲಿನದು, ಆರರ ಪೆಟ್ಟಿಗೆಯಿಂದ ಬಲಗಾಲಿನದು. ಇಷ್ಟು ವರ್ಷದ ನೌಕರಿಯಲ್ಲಿ ಅವನು ತನ್ನ ಕೈಯಾರೆ ಮಾಡಿದ ಮೊದಲ ಬೆಸಜೋಡಿ ಅದು. ಕದ್ದ ಮಾಲು ಅಡಗಿಸುವವನಂತೆ ಸುತ್ತ ನೋಡಿದ. ಉಳಿದ ಎರಡನ್ನು ಇನ್ನೊಂದು ಪೆಟ್ಟಿಗೆಗೆ ಹಾಕಿ ಹಿಂದಿನ ಸೀಟಿನ ಕೆಳಗೆ ತಳ್ಳಿದ. ದಾರಿಯುದ್ದಕ್ಕೂ ಮನಸ್ಸು ಹಗುರಾಗುತ್ತಾ ಬಂತು. ಇನ್ನು ಮೇಲೆ ಹೀಗೇ ಎರಡೆರಡು ತಂದರಾಯಿತು, ಅವಳಿಗೆ ತಿಳಿಯುವುದೇ ಬೇಡ, ತಮ್ಮನಾದವನು ಅಷ್ಟೂ ಮಾಡದಿದ್ದರೆ ಹೇಗೆ? ಒಂದು ಸಿಗ್ನಲಿನಲ್ಲಿ ನಿಂತಾಗ ತಾನು ಒಳ್ಳೆಯವನೇ ಎಂದು ಕೂಡ ಅನ್ನಿಸಿತು. ಮೊದಲು ಶೂ ಕೊಡುವುದು, ಆಮೇಲೆ ಕುರ್ಚಿಯ ಸುದ್ದಿ ಹೇಳುವುದು ಎಂದುಕೊಂಡ.

ಅಕ್ಕ ಆಗತಾನೇ ಆಸ್ಪತ್ರೆಯಿಂದ ಬಂದು ಬಕೆಟ್ಟಿನ ಬಿಸಿನೀರಿನಲ್ಲಿ ಕಾಲಿಟ್ಟು ಕೂತಿದ್ದಳು. ಅವಳದು ಆಸ್ಪತ್ರೆಯ ಔಷಧಿ ಕೌಂಟರಿನ ಕೆಲಸ. ಒಬ್ಬಳೇ ಇರುವುದಕ್ಕೆ ಎರಡು ಕೋಣೆಯ ಮನೆ ಸಾಕಾಗಿತ್ತು. "ಬಂದ್ಯಾ? ಅಂತೂ ಇಂತೂ ತಂದ್ಯಲ್ಲ!" ಎಂದು ಕಾಲೊರೆಸಿಕೊಂಡು, ಶೂ ಹಾಕಿ, ಕಿಟಕಿಯ ತನಕ ಹೋಗಿ ಬಂದಳು. ಮುಖ ಅರಳಿತ್ತು. ಮತ್ತೆ ಕೂತು ಬಿಚ್ಚಿದಳು, ಬಿಚ್ಚಿದ್ದನ್ನು ಕನ್ನಡಕದ ಹತ್ತಿರ ಹಿಡಿದಳು. ದಿನವಿಡೀ ಮಾತ್ರೆಗಳ ಬ್ಯಾಚ್ ನಂಬರು ಓದುವವಳು, ಕೈಗೆ ಬಂದದ್ದನ್ನೆಲ್ಲ ತಿರುಗಿಸಿ ಓದುವುದು ಅವಳ ಚಾಳಿ.

"ಜೋಡಿ ನಂಬರು ಬೇರೆಬೇರೆ ಇದೆಯಲ್ಲೋ."

"ಹೌದಾ? ಏನೋ ಎಡವಟ್ಟಾಗಿರ್ಬೇಕು."

"ಬೆಸಜೋಡಿ ಮಾಡಿದ್ರೂ ಎರಡಕ್ಕೂ ಒಂದೇ ನಂಬರು ಒತ್ತಿರ್ತಿದ್ರು. ಎರಡು ಜೋಡಿ ತಂದು ಒಡೆದಿದೀಯ ನೀನು." ಅವಳು ಶೂ ಕೆಳಗಿಟ್ಟಳು. "ನಿಲ್ಲಿಸಿಬಿಟ್ರಾ?"

"ಹೂಂ. ಎರಡು ಕಂಪನಿ ಸೇರಿದ ಮೇಲೆ ಇಂಥ ಸಣ್ಣಪುಟ್ಟದ್ದೆಲ್ಲ ನಡಿಯಲ್ಲ ಅಕ್ಕ. ನಿಂಗ್ಯಾಕೆ ಚಿಂತೆ, ನಾನಿದೀನಲ್ಲ. ಯಾವಾಗ ಬೇಕಾದ್ರೂ ಹೀಗೇ ಎರಡೆರಡು ತಂದು…"

"ನನ್ನ ವಿಷಯ ಬಿಡು. ಬೇರೆಯೋರು?"

"ಬೇರೆಯೋರು ಯಾರು?"

ಅಕ್ಕ ಅವನನ್ನು ದಿಟ್ಟಿಸಿದಳು. "ಕೌಂಟರಿಗೆ ಬರೋರ ಕಾಲು ಮೊದಲು ನೋಡ್ತೀನಿ ನಾನು, ಮುಖ ಆಮೇಲೆ. ಬಸ್ಸಿನ ಡ್ರೈವರೊಬ್ಬ, ಅಪಘಾತದಲ್ಲಿ ಪಾದ ಮುರಿದು ಗಿಡ್ಡ ಆಗಿದೆ. ಒಬ್ಬಳು ಟೀಚರು. ಒಬ್ಬಳು ಸಣ್ಣ ಹುಡುಗಿ, ಅವರಮ್ಮ ಎತ್ಕೊಂಡೇ ಬರ್ತಿದ್ಳು, ಈಗ ನಡೀತಾಳೆ. ಎಲ್ಲರ್ನೂ ನಾನೇ ಕಳಿಸಿದ್ದು. ನನ್ನ ತಮ್ಮ ಇದಾನೆ ಆ ಕಂಪನೀಲಿ, ಹೋಗಿ ಬೆಸಜೋಡಿ ಕೇಳಿ ಅಂತ. ಹುಡುಗಿ ಕಾಲು ಬೆಳೀತಾ ಇದೆ, ಈ ತಿಂಗಳು ಹೊಸದು ಬೇಕು ಅವಳಿಗೆ." ಕನ್ನಡಕ ತೆಗೆದು ಕೇಳಿದಳು. "ಇದನ್ನ ಯಾರು ಹಾಕ್ಕೋತಾರೆ ಅಂತ ಒಬ್ರೂ ಕೇಳ್ಲಿಲ್ವಾ?"

ಕೇಳಲಿಲ್ಲ ಎಂದರೆ ಮುಗಿಯುತ್ತಿತ್ತು. ಒಂದು ಸುಳ್ಳು, ಅದೂ ಸಣ್ಣದು. ಬೆಳಗಿನಿಂದ ಅಷ್ಟು ಸಲೀಸಾಗಿ ಬಂದಿದ್ದ ಸುಳ್ಳುಗಳಲ್ಲಿ ಈಗ ಒಂದೂ ಬಾಯಿಗೆ ಬರಲಿಲ್ಲ.

"ಕೇಳಿದ್ರು."

"ಯಾರನ್ನ?"

"ನನ್ನನ್ನೇ."

"ನೀನೇನಂದೆ?"

"ನಂಗೆ ಗೊತ್ತಿರೋರು ಯಾರೂ ಇಲ್ಲ ಅಂದೆ."

ಬಯ್ಯುತ್ತಾಳೆ ಎಂದು ಕಾದ. ಬಯ್ಯಲಿ, ಚಿಕ್ಕಂದಿನಲ್ಲಿ ಬಯ್ಯುತ್ತಿದ್ದ ಹಾಗೆ ಕತ್ತೆ, ಕೋಣ ಅಂತ ಜಾಲಾಡಿಸಲಿ, ಕೈಲಿದ್ದ ಟವೆಲಿನಿಂದ ಎರಡು ಬಾರಿಸಲಿ. ಆಗ ತಾನೂ ಅತ್ತುಬಿಡಬಹುದು, ಕುರ್ಚಿಯ ಮಾತನ್ನೂ ಹೇಳಿಬಿಡಬಹುದು, ನಾಳೆ ಹೋಗಿ ಸರಿಮಾಡುತ್ತೇನೆ ಎನ್ನಬಹುದು. ಅಕ್ಕ ಬಕೆಟ್ಟು ಎತ್ತಿ ನೀರು ಚೆಲ್ಲಿ ಬಂದಳು. ಬರಿಗಾಲಿನಲ್ಲಿ ಅವಳ ನಡಿಗೆ ಒಂದು ಪಕ್ಕಕ್ಕೆ ವಾಲುತ್ತಿತ್ತು. "ಇನ್ನೆರಡು ಎಲ್ಲಿ?" ಎಂದಳು.

"ಕಾರಲ್ಲಿದೆ."

"ತಗೊಂಡು ಬಾ."

ಅವನು ಇಳಿದು ಹೋಗಿ ಸೀಟಿನ ಕೆಳಗಿನಿಂದ ಪೆಟ್ಟಿಗೆ ಎಳೆದು ತಂದ. ಅಕ್ಕ ತೆರೆದು ನೋಡಿದಳು. "ಬಲಗಾಲು ನಾಲ್ಕು, ಎಡಗಾಲು ಆರು. ಇದೂ ಒಂದು ಜೋಡಿನೇ. ಯಾರಿಗಾದ್ರೂ ಆಗತ್ತೆ." ಮುಚ್ಚಳ ಹಾಕಿ ನಾಳೆ ಒಯ್ಯುವ ಚೀಲದ ಪಕ್ಕ ಇಟ್ಟಳು. "ಕೌಂಟರಲ್ಲಿ ಇಟ್ಕೊಂಡಿರ್ತೀನಿ." ಆಮೇಲೆ, ಊಟಕ್ಕೆ ಮುಂಚೆ ಒಂದು ಊಟ ಆದ ಮೇಲೆ ಒಂದು ಎಂದು ದಿನಕ್ಕೆ ನೂರು ಜನಕ್ಕೆ ಹೇಳುವ ದನಿಯಲ್ಲೇ ಹೇಳಿದಳು. "ಇನ್ಮೇಲೆ ಯಾರಾದ್ರೂ ಬಂದು, ಆ ಕಂಪನೀಲಿ ನಿಮ್ಮೋರು ಇದಾರಂತಲ್ಲ ಅಂದ್ರೆ, ನಂಗೆ ಗೊತ್ತಿರೋರು ಯಾರೂ ಇಲ್ಲ ಅಂತೀನಿ."

"ಅಕ್ಕ…"

"ಕೈ ತೊಳ್ಕೋ. ಊಟ ಮಾಡ್ಕೊಂಡು ಹೋಗು."

ಅವನು ಕೈ ತೊಳೆದು ಕೂತ. ಅಕ್ಕ ತಟ್ಟೆ ಇಟ್ಟಳು, ತಟ್ಟೆಯ ಪಕ್ಕ ನೀರಿಟ್ಟಳು, ಒರೆಸಿಕೊಳ್ಳಲು ಮಡಿಸಿದ ಬಟ್ಟೆಯನ್ನೂ ಇಟ್ಟಳು. ಬಡಿಸಿ, ಎದುರಿಗೆ ಕೂರದೆ, ಸೌಟು ಹಿಡಿದು ನಿಂತಳು. ಅವನು ತಿಂದ. ಚೆನ್ನಾಗಿಯೇ ಇತ್ತು. ತಟ್ಟೆ ಖಾಲಿಯಾಗುತ್ತಾ ಬಂದಾಗ ಅವಳು ಸ್ವಲ್ಪ ಬಾಗಿ, "ಇನ್ನೊಂಚೂರು ಹಾಕ್ಲಾ?" ಎಂದು ಕೇಳಿದಳು. ಹುಟ್ಟಿದಾಗಿನಿಂದ ಅಕ್ಕ ಅವನನ್ನು ಹಾಗೆ ಕೇಳಿದವಳಲ್ಲ. ಅಡ್ಡ ಇಟ್ಟ ಕೈಯನ್ನು ಆಚೆ ತಳ್ಳಿ, ಮಾತಾಡದೆ ತಿನ್ನೋ ಎಂದು ಸುರಿಯುವವಳು.

ಅವನು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು "ಸಾಕು" ಎಂದ.

ಅವಳು ಬಲವಂತ ಮಾಡಲಿಲ್ಲ.